ಗೆದ್ದವರು ಸಿಳ್ಳೆ ಹೊಡೆಯಬಾರದು

ಸೋತಾಗ ಮುಖ ಹೇಗಿಟ್ಟುಕೊಳ್ಳಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಿಂದ ಅಭ್ಯಾಸವಿದೆ. ಶಾಲೆಯ ರಂಗೋಲಿ ಸ್ಪರ್ಧೆಯಿಂದ ಹಿಡಿದು ಆಫೀಸಿನ ಪ್ರಮೋಶನ್ನಿನವರೆಗೆ ಎಷ್ಟೋ ಕಡೆ ಸೋತು, ‘ಪರವಾಗಿಲ್ಲ ಬಿಡಿ, ಭಾಗವಹಿಸಿದ್ದೇ ಸಂತೋಷ’ ಎಂದು ನಕ್ಕು, ಮನೆಗೆ ಬಂದು ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಅತ್ತವಳು ನಾನು. ಆದರೆ ಗೆದ್ದಾಗ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಕಲಿಸುವ ಸಂದರ್ಭವೇ ಬಂದಿರಲಿಲ್ಲ ಅನ್ನಿ. ಹಾಗಾಗಿ ನಲವತ್ತೇಳನೆಯ ವಯಸ್ಸಿನಲ್ಲಿ, ಸ್ಯಾನ್ ಹೊಸೆಯ ನಮ್ಮ ಕಾಂಪ್ಲೆಕ್ಸಿನ ಕ್ಲಬ್‌ಹೌಸಿನಲ್ಲಿ, ಜೀವನದಲ್ಲಿ ಮೊದಲ ಸಲ ಒಂದು ಜನಮತಗಣನೆ ಗೆದ್ದಾಗ ನಾನು ಮಾಡಿಕೊಂಡ ಅವಾಂತರವನ್ನು ಓದುಗರು ದಯವಿಟ್ಟು ಸ್ವಲ್ಪ ಕನಿಕರದಿಂದ ನೋಡಬೇಕು.

ಜನಮತಗಣನೆ ಎಂದರೆ ದೇಶ ಒಡೆಯುವಂಥದ್ದೇನೂ ಅಲ್ಲ. ನಮ್ಮದು ನೂರು ಚಿಲ್ಲರೆ ಟೌನ್‌ಹೌಸುಗಳ ಕಾಂಪ್ಲೆಕ್ಸು. ಇಂಥ ಕಡೆಗಳಲ್ಲಿ ಮಾಲೀಕರ ಸಂಘ ಅಂತ ಒಂದಿರುತ್ತದೆ. ಬಾಗಿಲಿಗೆ ಯಾವ ಬಣ್ಣ ಬಳಿಯಬೇಕು, ಕಸದ ಡಬ್ಬಿ ಎಷ್ಟು ಹೊತ್ತಿಗೆ ಮರೆಯಾಗಬೇಕು, ಕಿಟಕಿಯ ಪರದೆ ಹೊರಗಿನಿಂದ ಹೇಗೆ ಕಾಣಬೇಕು ಎಂಬುದನ್ನೆಲ್ಲ ಸಂಘವೇ ತೀರ್ಮಾನಿಸುತ್ತದೆ. ನನ್ನ ಅತ್ತೆ ಮಂಡ್ಯದಿಂದ ಒಮ್ಮೆ ಬಂದಿದ್ದಾಗ ಇದನ್ನೆಲ್ಲ ಕೇಳಿ, “ಅಂಗಾದ್ರೆ ನೀವೇನು ಬಾಡ್ಗೆಯೋರಾ?” ಎಂದು ಕೇಳಿದ್ದರು. ಸ್ವಂತ ಮನೆ ಎಂದು ಅವರನ್ನು ನಂಬಿಸಲು ನನಗೆ ಮೂರು ದಿನ ಹಿಡಿಯಿತು.

ಎಲ್ಲಕ್ಕೂ ಮೂಲ ನನ್ನ ಅಮ್ಮನ ಬಸಳೆ. ಅಮ್ಮ ಉಡುಪಿಯವಳು. ಆರು ವರ್ಷದಿಂದ ನಮ್ಮ ಜೊತೆಗೇ ಇದ್ದಾಳೆ. ಬಂದ ಮೊದಲ ಬೇಸಿಗೆಯಲ್ಲೇ ಯಾರದೋ ಮನೆಯಿಂದ ಒಂದು ಗೇಣು ಬಸಳೆ ದಂಟು ತಂದು ಬಾಲ್ಕನಿಯ ಕುಂಡಕ್ಕೆ ಊರಿದಳು. ಚಪ್ಪರ ಬೇಕಲ್ಲ? ನಾವು ಒಂದೇ ಒಂದು ಸಲ ಹಿಮದಲ್ಲಿ ಜಾರಲು ಹೋಗಿ, ಅರ್ಧ ಗಂಟೆಯಲ್ಲಿ ಜ್ಞಾನೋದಯವಾಗಿ ವಾಪಸು ಬಂದಿದ್ದೆವು. ಆ ಸ್ಕೀ ಕೋಲುಗಳು ಗರಾಜಿನಲ್ಲಿ ಬಿದ್ದಿದ್ದವು. ಅಮ್ಮ ಅವನ್ನು ನೆಟ್ಟು, ಮಗಳ ಹಳೆಯ ತೊಟ್ಟಿಲಿನ ಕಟಕಟೆಯನ್ನು ಮೇಲೆ ಅಡ್ಡ ಕಟ್ಟಿ ಚಪ್ಪರ ಮಾಡಿದಳು. ಚಳಿಗಾಲದಲ್ಲಿ ಬಳ್ಳಿ ಸತ್ತರೂ ಅವಳು ಒಂದು ತುಂಡನ್ನು ಅಡುಗೆಮನೆಯ ಕಿಟಕಿಯಲ್ಲಿ ಜೋಪಾನ ಮಾಡಿ, ಮತ್ತೆ ವಸಂತದಲ್ಲಿ ಹೊರಗಿಡುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಕುಂಡಗಳು ಹೆಚ್ಚಿದವು. ಹೋದ ವರ್ಷ ಬಳ್ಳಿ ಪಕ್ಕದ ಮನೆಯ ಬಾಲ್ಕನಿಯ ಕಂಬಿ ಹಿಡಿಯಿತು; ಸಂಘದಿಂದ ನೋಟೀಸು ಬಂತು. ಬಾಲ್ಕನಿಯಲ್ಲಿ ಅಲಂಕಾರದ ಕುಂಡ ಎರಡು ಮಾತ್ರ, ತಿನ್ನುವ ಬಳ್ಳಿಗೂ ಅದರ ಚಪ್ಪರಕ್ಕೂ ಅನುಮತಿಯಿಲ್ಲ, ಬರುವ ಬೇಸಿಗೆಯೊಳಗೆ ತೆರವು ಮಾಡತಕ್ಕದ್ದು.

ಅಮ್ಮ ನೋಟೀಸನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. “ಇದನ್ನು ಬರೆದವರು ಒಂದು ಸಲ ಆದ್ರೂ ಬಸಳೆ ಹುಳಿ ತಿಂದಿದ್ದಾರಾ?” ಎಂದಳು. ಆಮೇಲೆ ಬಹಳ ಶಾಂತವಾಗಿ, “ನನಗೆ ಜಗಳ ಬೇಡ ಮಾರಾಯ್ತಿ. ಗಿಲ್‌ರಾಯ್‌ನಲ್ಲಿ ನನ್ನ ಅಣ್ಣನ ಮಗ ಇದ್ದಾನಲ್ಲ, ಅವನಿಗೆ ಇಷ್ಟು ದೊಡ್ಡ ಹಿತ್ತಲು ಉಂಟು. ಬಸಳೆ ಎಲ್ಲಿಯೋ ನಾನು ಅಲ್ಲಿ” ಎಂದಳು. ನನ್ನಮ್ಮ ಬೆಳ್ಳುಳ್ಳಿ ಮುಟ್ಟುವವಳಲ್ಲ. ಬೆಳ್ಳುಳ್ಳಿ ಹಾಕಿದ ಪಾತ್ರೆಯನ್ನೂ ಬೇರೆ ಇಡುವವಳು. ಅಂಥವಳು, ಊರಿಗೆ ಊರೇ ಬೆಳ್ಳುಳ್ಳಿ ಘಾಟು ಹೊಡೆಯುವ ಗಿಲ್‌ರಾಯ್‌ಗೆ ಹೊರಟು ನಿಲ್ಲುತ್ತಾಳೆಂದರೆ ವಿಷಯ ಕೈಮೀರಿದೆ ಎಂದೇ ಅರ್ಥ. ಅಮ್ಮ ಹೋದರೆ ಮನೆಯಲ್ಲಿ ಬೆಳಗಿನ ಗೊಣಗಾಟ ಹೋಗುತ್ತದೆ, ಸಂಜೆಯ ಹುಳಿ ಹೋಗುತ್ತದೆ, ನನ್ನನ್ನು ಬೈಯುವ ಹಕ್ಕಿರುವ ಕೊನೆಯವಳೂ ಹೋಗುತ್ತಾಳೆ. ಇದು ನನಗೆ ತಡೆಯಲಾಗದ ಸಂಗತಿ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಎರಡನೆಯ ಟೆನಿಸ್ ಅಂಗಳ. ನಮ್ಮಲ್ಲಿ ಎರಡಿವೆ. ಒಂದು ಸರಿಯಿದೆ, ಇನ್ನೊಂದು ಬಿರುಕು ಬಿಟ್ಟು, ನೆಟ್ಟು ಹರಿದು, ಬಿರುಕಿನಲ್ಲಿ ಹುಲ್ಲು ಬೆಳೆದು ಪಾಳು ಬಿದ್ದಿದೆ. ಅದನ್ನು ಎಲ್ಲರ ತರಕಾರಿ ತೋಟ ಮಾಡಬಾರದೇಕೆ ಎಂದು ಅರ್ಜಿ ಬರೆದೆ. ಮೂರು ವಾರ ಮನೆ ಮನೆ ತಿರುಗಿ ಸಹಿ ಹಾಕಿಸಿದೆ. ಸಂಘದವರು ಎಲ್ಲ ಮಾಲೀಕರನ್ನೂ ಕೇಳಿಯೇ ಬಿಡೋಣ ಎಂದರು. ಹೀಗೆ ಬಸಳೆಯ ಪ್ರಶ್ನೆ ಜನಮತದ ಪ್ರಶ್ನೆಯಾಯಿತು.

ವಿರೋಧ ಪಕ್ಷಕ್ಕೆ ಒಬ್ಬರೇ ನಾಯಕರು: ಕಾರ್ಲ್. ಎಪ್ಪತ್ತೈದು ದಾಟಿದ ಉದ್ದನೆಯ ಮನುಷ್ಯ. ಅಮ್ಮನ ಭಾಷೆಯಲ್ಲಿ ‘ಬಿಳಿ ಚಡ್ಡಿಯ ಅಜ್ಜ’. ದಿನಾ ಬೆಳಿಗ್ಗೆ ಆ ಪಾಳು ಅಂಗಳಕ್ಕೆ ಬಂದು, ಕೊನೆಯಲ್ಲಿರುವ ಮರದ ಗೋಡೆಗೆ ಒಬ್ಬರೇ ಚೆಂಡು ಹೊಡೆಯುತ್ತಾರೆ. ಚರ್ಚೆಯ ದಿನ ಅವರು ಎದ್ದು ನಿಂತು, “ನಾನೂ ನನ್ನ ಹೆಂಡತಿಯೂ ಈ ಅಂಗಳದಲ್ಲಿ ಇಪ್ಪತ್ತು ವರ್ಷ ಆಡಿದೆವು. ಒಂದು ದಿನವೂ ಅವಳು ನನ್ನನ್ನು ಗೆಲ್ಲಲು ಬಿಡಲಿಲ್ಲ. ಈಗ ಗೋಡೆಯೂ ಬಿಡುತ್ತಿಲ್ಲ” ಎಂದು ಕೂತರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎದುರು ಪಕ್ಷದ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತಿದ್ದೇನೆಂದು ಹೊಳೆದದ್ದು ಅಂಗೈ ಕೆಂಪಾದ ಮೇಲೆ.

ಈಗ ನಮ್ಮ ಯಜಮಾನರ ವಿಷಯಕ್ಕೆ ಬರಬೇಕು. ಬೋರೇಗೌಡರು ಮಂಡ್ಯದವರು. ಆಫೀಸಿನಲ್ಲಿ ಎಲ್ಲರೂ ‘ಬೋ’ ಎಂದು ಕರೆದರೂ ಅವರೊಳಗಿನ ರೇಗೌಡರು ಎಲ್ಲಿಗೂ ಹೋಗಿಲ್ಲ. ಅವರಿಗೆ ಸಂತೋಷವಾದರೆ ಎರಡು ಬೆರಳು ಬಾಯಿಗೆ ಹೋಗುತ್ತವೆ. ಆಮೇಲೆ ಬರುವ ಸಿಳ್ಳೆ ಅರ್ಧ ಮೈಲಿ ಕೇಳಿಸುತ್ತದೆ. ನಮ್ಮ ಮದುವೆಯಲ್ಲಿ ತಾಳಿ ಕಟ್ಟಿದ ಕೂಡಲೇ ಹೊಡೆದಿದ್ದರು. ನಮ್ಮ ಕಡೆಯ ಪುರೋಹಿತರು ಮಂತ್ರ ನಿಲ್ಲಿಸಿ ಅತ್ತಿತ್ತ ನೋಡಿದ್ದರು, ಹೊಡೆದವನು ಮದುಮಗನೆಂದು ಅವರಿಗೆ ಹೊಳೆಯಲೇ ಇಲ್ಲ. ನಮ್ಮ ಮಗಳು ಅದಿತಿಗೆ ಎಂಟು ವರ್ಷವಿದ್ದಾಗ ಕಾಂಪ್ಲೆಕ್ಸಿನ ಕೊಳದಲ್ಲಿ ಮಕ್ಕಳ ಈಜು ಪಂದ್ಯ ನಡೆಯಿತು. ಅವಳು ಮೂರನೆಯವಳಾಗಿ ದಡ ಮುಟ್ಟಿದಳು. ಇವರು ಸಿಳ್ಳೆ ಹೊಡೆದರು. ಮುಂದಿನ ಪಂದ್ಯಕ್ಕೆ ಸಾಲಾಗಿ ನಿಂತಿದ್ದ ಎಂಟು ಮಕ್ಕಳೂ ಅದೇ ಸಂಕೇತವೆಂದು ಧುಡುಂ ಧುಡುಂ ನೀರಿಗೆ ಹಾರಿಬಿಟ್ಟರು. ಆವತ್ತು ಕತ್ತಿನಲ್ಲಿ ಪೀಪಿ ಕಟ್ಟಿಕೊಂಡು ಪಂದ್ಯ ಶುರು ಮಾಡಿಸುತ್ತಿದ್ದವರು ಇದೇ ಕಾರ್ಲ್. ಅವರು ನಮ್ಮತ್ತ ನೋಡಿದ ನೋಟಕ್ಕೆ ನಾನು ನೆಲಕ್ಕಿಳಿದು ಹೋದೆ. ಮನೆಗೆ ಬಂದವಳೇ ಸಿಳ್ಳೆಗೆ ಸಂಪೂರ್ಣ ನಿಷೇಧ ಹೇರಿದೆ. ಗೌಡರು ಪಾಪ, ಒಪ್ಪಿಕೊಂಡರು. ಆದರೂ ವರ್ಷಕ್ಕೊಂದೆರಡು ಸಲ ಕಾರಿನಲ್ಲಿ, ಕಿಟಕಿ ಏರಿಸಿಕೊಂಡು, ಫ್ರೀವೇ ಮೇಲೆ ಒಬ್ಬರೇ ಹೊಡೆದುಕೊಳ್ಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಫಲಿತಾಂಶದ ದಿನ ಹತ್ತಿರವಾದಂತೆ ನನಗೆ ಸೋಲಿಗಿಂತ ಗೆಲುವಿನ ಭಯವೇ ಹೆಚ್ಚಾಯಿತು. ಗೆದ್ದರೆ ನಮ್ಮವರು ಸುಮ್ಮನಿರುತ್ತಾರಾ? ನಮಗೆ ಗೆಲುವೆಂದರೆ ಹಾರ, ಪಟಾಕಿ, ಸಿಹಿ, ಹೆಗಲ ಮೇಲೆ ಹೊತ್ತು ಕುಣಿತ. ಇಲ್ಲಿಯವರು ಗೆದ್ದರೆ ಮೊದಲು ಸೋತವರ ಕೈ ಕುಲುಕುತ್ತಾರೆ, ‘ಬಹಳ ಹತ್ತಿರದ ಸ್ಪರ್ಧೆ’ ಎನ್ನುತ್ತಾರೆ, ಆಮೇಲೆ ಕಾರಿಗೆ ಹೋಗಿ ಬಾಗಿಲು ಹಾಕಿಕೊಂಡು ಕಿರುಚುತ್ತಾರೋ ಏನೋ, ನಮಗೆ ಕಾಣಿಸುವುದಿಲ್ಲ. ನಾಳೆ ಬೆಳಿಗ್ಗೆ ಕಸದ ಡಬ್ಬಿಯ ಹತ್ತಿರ ಇದೇ ಜನರ ಮುಖ ನೋಡಬೇಕಲ್ಲ. ಹೀಗೆಲ್ಲ ಯೋಚಿಸಿ ಒಂದು ಭಾನುವಾರ ಕೂತು, ‘ಫಲಿತಾಂಶದ ವೇಳೆ ನಡವಳಿಕೆ’ ಎಂದು ಒಂಬತ್ತು ನಿಯಮ ಬರೆದೆ. ಸಿಳ್ಳೆ ಕೂಡದು ಎಂಬುದು ಮೊದಲನೆಯದು. ಕೂಗಾಟ ಕೂಡದು, ಕುರ್ಚಿ ಮೇಜುಗಳ ಮೇಲೆ ಹತ್ತಕೂಡದು, ಸಿಹಿಯನ್ನು ಫಲಿತಾಂಶಕ್ಕೆ ಮೊದಲು ಒಳಗೆ ತರಕೂಡದು, ಸೋತವರ ಎದುರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳಕೂಡದು, ಹೀಗೆ. ಕೊನೆಯದು ನನಗೆ ಬಹಳ ಇಷ್ಟವಾದದ್ದು: ಸೋತವರ ಬಗ್ಗೆ ಯಾವ ದೂರನ್ನೂ ಹೇಳಕೂಡದು.

ಇದನ್ನು ನಮ್ಮ ಕಡೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಸುಮ್ಮನಿದ್ದರೆ ಮುಗಿದು ಹೋಗುತ್ತಿತ್ತು. ನಮ್ಮ ಸಭ್ಯತೆ ಊರಿಗೆಲ್ಲ ಗೊತ್ತಾಗಲಿ ಎಂಬ ಚಪಲಕ್ಕೆ ಸಂಘದ ಮ್ಯಾನೇಜರ್ ಡೆನೀಸಳಿಗೂ ಒಂದು ಪ್ರತಿ ಕಳಿಸಿದೆ. ಆಕೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಇಷ್ಟು ವರ್ಷದಲ್ಲಿ ನನಗೆ ನಿಯಮ ಬರೆದುಕೊಟ್ಟ ಮೊದಲ ಮಾಲೀಕರು ನೀವು” ಎಂದಳು. ಮುಂದಿನ ಸಭೆಯಲ್ಲಿ ಸಂಘ ಅದನ್ನು ಹಾಗೇ ಅಂಗೀಕರಿಸಿ, ಕ್ಲಬ್‌ಹೌಸಿನ ಬಾಗಿಲಿಗೆ ಅಂಟಿಸಿತು. ಅದಿತಿ ಅದರ ಫೋಟೋ ತೆಗೆದು ನನಗೇ ಕಳಿಸಿ, “ಅಮ್ಮಾ, ಯು ವಿಲ್ ರಿಗ್ರೆಟ್ ದಿಸ್” ಎಂದಳು. ಗೌಡರನ್ನು ನಾನು ಪ್ರತ್ಯೇಕವಾಗಿ ಕೂರಿಸಿ ಪಾಠ ಮಾಡಿದೆ. ಸಿಳ್ಳೆ ಹೊಡೆಯುವುದಿಲ್ಲವೆಂದು ಅಮ್ಮನ ಮೇಲೆ ಆಣೆ ಮಾಡಿಸಿದೆ. “ಆಯ್ತು ಕಣಮ್ಮಿ, ವೊಡೆಯಕ್ಕಿಲ್ಲ ಬಿಡು” ಎಂದು ಅವರು ಎಷ್ಟು ಸಲೀಸಾಗಿ ಒಪ್ಪಿದರೆಂದರೆ, ಮದುವೆಯಾದಾಗಿನಿಂದ ಹದಿನೆಂಟು ವರ್ಷದ ನನ್ನ ತರಬೇತಿ ಫಲ ಕೊಟ್ಟಿತೆಂದು ನನಗೆ ಹೆಮ್ಮೆಯಾಯಿತು.

ಫಲಿತಾಂಶದ ಸಂಜೆ ಕ್ಲಬ್‌ಹೌಸು ತುಂಬಿತ್ತು. ನಡುವೆ ಒಂದು ಮೇಜು. ಎಣಿಸಲೆಂದು ಹೊರಗಿನಿಂದ ಬಂದ ಒಬ್ಬ ಹೆಂಗಸು ಲಕೋಟೆ ಒಡೆದು, ಅದರೊಳಗಿನ ಲಕೋಟೆ ಒಡೆದು, ಚೀಟಿ ಬಿಡಿಸಿ, ಎಲ್ಲರಿಗೂ ತೋರಿಸಿ, ಎರಡು ಗುಡ್ಡೆ ಮಾಡುತ್ತಿದ್ದಳು. ಗುಡ್ಡೆಗಳು ಒಮ್ಮೆ ಇದು ದಪ್ಪ, ಒಮ್ಮೆ ಅದು ದಪ್ಪ. ಮೊದಲ ಸಾಲಿನಲ್ಲಿ ಕಾರ್ಲ್ ಬಿಳಿ ಚಡ್ಡಿ ಬಿಟ್ಟು ಕೋಟು ಹಾಕಿ ನೆಟ್ಟಗೆ ಕೂತಿದ್ದರು. ನನ್ನ ಎಡಗಡೆ ಗೌಡರು ಕೈಕಟ್ಟಿ ಕೂತಿದ್ದರು. ಬಲಗಡೆ ಅಮ್ಮ ಶಾಲು ಹೊದ್ದು ಕೂತಿದ್ದಳು. ಶಾಲಿನೊಳಗೆ ಹಯಗ್ರೀವದ ಡಬ್ಬಿ ಇದೆಯೆಂದು ತುಪ್ಪದ ಪರಿಮಳವೇ ಹೇಳುತ್ತಿತ್ತು. ನಾಲ್ಕನೆಯ ನಿಯಮ ಅಲ್ಲೇ ಮುರಿದಿತ್ತು. “ಅಮ್ಮ, ಸೋತರೆ?” ಎಂದು ಪಿಸುಗುಟ್ಟಿದೆ. “ಸೋತರೆ ಗಿಲ್‌ರಾಯ್‌ಗೆ ಬುತ್ತಿ ಆಗ್ತದೆ” ಎಂದಳು. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದಿಟ್ಟಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ.

ಗೆದ್ದರೆ ಏನು ಮಾಡಬೇಕೆಂದು ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದೆ. ಒಂದು ಕ್ಷಣ ತಡೆಯುವುದು, ನಿಧಾನ ಏಳುವುದು, ಸೀದಾ ಕಾರ್ಲ್ ಹತ್ತಿರ ಹೋಗುವುದು, ಹಲ್ಲು ಕಾಣಿಸದಂತೆ ನಗುವುದು, ಕೈ ಚಾಚುವುದು. ಡೆನೀಸ್ ಎದ್ದು ಗಂಟಲು ಸರಿಪಡಿಸಿಕೊಂಡು, “ಬೇಡ ಎಂದವರು ನಲವತ್ತಾರು” ಎಂದಳು. ಒಂದು ಕ್ಷಣ ಬಿಟ್ಟು, “ಬೇಕು ಎಂದವರು ಐವತ್ತೊಂದು” ಎಂದಳು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಅದಿತಿ ವಿಡಿಯೋ ಮಾಡಿದ್ದರಿಂದ ಗೊತ್ತಿದೆ. ನಾನು “ಗೆದ್ದೆವೂ!” ಎಂದು ಕಿರುಚುತ್ತ ಎದ್ದೆ. ಎದ್ದವಳು ಕುರ್ಚಿ ಹತ್ತಿದೆ. ಎರಡೂ ಕೈ ಮೇಲೆತ್ತಿ “ಬಸಳೆಗೇ ಜಯ!” ಎಂದೆ. ಮಡಚುವ ಕುರ್ಚಿಗೆ ನನ್ನ ಭಾರವೋ ನನ್ನ ಉತ್ಸಾಹವೋ ತಡೆಯಲಾಗದೆ ಅದು ತನ್ನ ಸ್ವಭಾವದಂತೆ ಮಡಚಿಕೊಂಡು, ಒಂದು ಕಾಲನ್ನೂ ಮುರಿದುಕೊಂಡಿತು. ನಾನು ಗೌಡರ ತೊಡೆಯ ಮೇಲೆ ಕೂತೆ. ಕೂತಲ್ಲಿಂದಲೇ ಅಮ್ಮನನ್ನು ಅಪ್ಪಿಕೊಂಡೆ. ಅಮ್ಮನೂ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಇಡೀ ಕ್ಲಬ್‌ಹೌಸಿನಲ್ಲಿ ನನ್ನ ನಿಯಮಗಳನ್ನು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದವರು ಗೌಡರೊಬ್ಬರೇ. ಅದು ನನಗೆ ಸಹಿಸಲಾಗಲಿಲ್ಲ.

“ಏನ್ರೀ ಹೀಗೆ ಕೂತಿದ್ದೀರಿ? ಹೊಡೀರಿ ಸಿಳ್ಳೆ!” ಎಂದೆ.

“ರೂಲ್ಸು ಐತಲ್ಲ ಕಣಮ್ಮಿ...”

“ರೂಲ್ಸು ಬರೆದವಳೇ ಹೇಳ್ತಿದ್ದೇನೆ. ಹೊಡೀರಿ!”

ಗೌಡರು ಒಲ್ಲದ ಮನಸ್ಸಿನಿಂದ ಎರಡು ಬೆರಳು ಬಾಯಿಗಿಟ್ಟರು. ‘ಫುಸ್’ ಎಂದಿತು. ಬೆರಳು ಒರೆಸಿಕೊಂಡು ಮತ್ತೊಮ್ಮೆ ಇಟ್ಟರು. ಇನ್ನೊಂದು ಫುಸ್. ಮೂರನೆಯ ಸಲಕ್ಕೆ ಅದೂ ಇಲ್ಲ. “ಬರಾಕಿಲ್ಲ ಕಣಮ್ಮಿ. ವೋದ ವರ್ಷ ಸೈಕಲ್‌ನಿಂದ ಬಿದ್ನಲ್ಲ, ಮುಂದಿನ ಎರಡು ಹಲ್ಲು ವೊಸದಾಗಿ ಕಟ್ಸಿದ್ನಲ್ಲ, ಅವತ್ತಿಂದ ಗಾಳಿ ನಿಲ್ತಾ ಇಲ್ಲ” ಎಂದರು. ಹೇಳಿ ನಕ್ಕರು. ಆಣೆಗೆ ಅವರು ಅಷ್ಟು ಸಲೀಸಾಗಿ ಒಪ್ಪಿದ್ದೇಕೆಂದು ನನಗೆ ಆಗ ಅರ್ಥವಾಯಿತು. ವರ್ಷಗಟ್ಟಲೆ ಆ ಮನುಷ್ಯನ ಬಾಯಿ ಮುಚ್ಚಿಸಿ, ನನಗೆ ಬೇಕಾದ ದಿನ ತೆಗೆ ಎಂದರೆ ಅಲ್ಲಿ ಸಿಳ್ಳೆಯೇ ಇರಲಿಲ್ಲ. ಅದು ಹೋಗಿ ಒಂದು ವರ್ಷವಾಗಿದ್ದರೂ ನನಗೆ ಗೊತ್ತೇ ಆಗಿರಲಿಲ್ಲ.

ಅಷ್ಟರಲ್ಲಿ ಸಭೆ ತಣ್ಣಗಾಯಿತು. ಕಾರ್ಲ್ ಎದ್ದು ನಮ್ಮತ್ತ ಬರುತ್ತಿದ್ದರು. ನಾನು ಗೌಡರ ತೊಡೆಯಿಂದ ಎದ್ದು, ಸೀರೆ ಸರಿಮಾಡಿಕೊಂಡು, ಅಭ್ಯಾಸ ಮಾಡಿದ್ದಂತೆ ಕೈ ಚಾಚಿದೆ. ಅವರು ನನ್ನನ್ನು ನೋಡಲೇ ಇಲ್ಲ. ಗೌಡರ ಮುಂದೆ ನಿಂತು, “ನನ್ನ ಎಂಟು ಮಕ್ಕಳನ್ನು ನೀರಿಗೆ ಹಾರಿಸಿದ ಸಿಳ್ಳೆ ಎಲ್ಲಿ ಹೋಯಿತು?” ಎಂದು ಕೇಳಿದರು. ಗೌಡರು ಹಲ್ಲು ತೋರಿಸಿದರು. ಕಾರ್ಲ್ ಬಗ್ಗಿ, ದಂತವೈದ್ಯರ ಗಾಂಭೀರ್ಯದಿಂದ ನೋಡಿ, ತಲೆಯಾಡಿಸಿದರು. ಮೇಜಿನ ಮೇಲಿದ್ದ ಎರಡು ಗುಡ್ಡೆಗಳ ಕಡೆ ಒಮ್ಮೆ ತಿರುಗಿದರು. ಆಮೇಲೆ ತಮ್ಮ ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹೊಡೆದರು ನೋಡಿ! ಕಿಟಕಿಯ ಗಾಜು ಝಣ್ ಎಂದಿತು. ಹೊರಗೆ ಯಾರದೋ ನಾಯಿ ಬೊಗಳಿತು. ಇಡೀ ಸಭೆ, ಬೇಕು ಎಂದವರೂ ಬೇಡ ಎಂದವರೂ ಸೇರಿ, ಚಾವಣಿ ಹಾರುವಂತೆ ಚಪ್ಪಾಳೆ ತಟ್ಟಿತು. “ಗೆದ್ದ ಮೇಲೆ ಇಷ್ಟಾದರೂ ಸದ್ದು ಬೇಡವೇ? ನನ್ನ ಹೆಂಡತಿ ಗೆದ್ದಾಗಲೆಲ್ಲ ಅಂಗಳಕ್ಕೆ ಒಂದು ಸುತ್ತು ಓಡುತ್ತಿದ್ದಳು” ಎಂದರು ಕಾರ್ಲ್.

ಅಮ್ಮನಿಗೆ ಗಾಬರಿ. “ಈಗ ಎಂತ ಆದದ್ದು? ಗೆದ್ದದ್ದು ನಾವಾ, ಈ ಅಜ್ಜನಾ?” ಎಂದು ಮೊಮ್ಮಗಳನ್ನು ಕೇಳಿದಳು.

“ವಿ ವನ್, ಅಜ್ಜಿ. ಹಿ ಲಾಸ್ಟ್.”

“ಸೋತವರಿಗೇ ಇಷ್ಟು ಗಮ್ಮತ್ತು ಉಂಟಾ!” ಎಂದು ಅಮ್ಮ ಶಾಲಿನೊಳಗಿಂದ ಡಬ್ಬಿ ತೆಗೆದು, ಮೊದಲ ಚಮಚ ಹಯಗ್ರೀವವನ್ನು ಕಾರ್ಲ್ ಅಂಗೈಗೇ ಹಾಕಿದಳು. ಅವರು ಅದನ್ನು ಏನು ಮಾಡುವುದೆಂದು ತಿಳಿಯದೆ ಎಲ್ಲರ ಮುಖ ನೋಡಿ, ಕೊನೆಗೆ ಕೋಟಿನ ತೋಳು ಮೇಲೆ ಸರಿಸಿಕೊಂಡು ನೆಕ್ಕಿ, ಇನ್ನೊಂದು ಕೈ ಚಾಚಿದರು. ಆ ಸಂಜೆ ಡಬ್ಬಿ ಖಾಲಿಯಾಗುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ನಾನು ಆವತ್ತಿನಷ್ಟು ಸಂತೋಷವಾಗಿ ಹಿಂದೆ ಎಂದೂ ಇದ್ದ ನೆನಪಿಲ್ಲ.

ಅಮ್ಮನ ಸೂಟ್‌ಕೇಸು ಮತ್ತೆ ಮಂಚದ ಕೆಳಗೆ ಹೋಗಿದೆ. ಬಸಳೆ ಈಗ ಹಳೆಯ ನೆಟ್ಟಿನ ಕಂಬಗಳ ನಡುವೆ, ಸ್ಕೀ ಕೋಲುಗಳ ಸಹಾಯವಿಲ್ಲದೆ, ರಾಜಾರೋಷವಾಗಿ ಹಬ್ಬಿದೆ. ಕೊನೆಯ ಮರದ ಗೋಡೆಯನ್ನು ಕೀಳಬೇಕೆಂದು ನನ್ನ ಅರ್ಜಿಯಲ್ಲೇ ಇತ್ತು. ನಾನೇ ಹೋಗಿ ಆ ಸಾಲನ್ನು ಹೊಡೆದುಹಾಕಿಸಿದೆ. ಕಾರ್ಲ್ ದಿನಾ ಬೆಳಿಗ್ಗೆ ಅಲ್ಲಿ ಚೆಂಡು ಹೊಡೆಯುತ್ತಾರೆ. ಚೆಂಡು ಬಳ್ಳಿಯೊಳಗೆ ಬಿದ್ದರೆ ಅಮ್ಮ ಮುಟ್ಟುಗೋಲು ಹಾಕಿಕೊಂಡು, ಸಂಜೆ ಒಂದು ಕಟ್ಟು ಬಸಳೆಯ ಜೊತೆ ವಾಪಸು ಕೊಡುತ್ತಾಳೆ. ಅವರಿಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಹತ್ತು ನಿಮಿಷ ಜಗಳವಾಡುವುದು ನಮ್ಮ ಬಾಲ್ಕನಿಗೆ ಕೇಳಿಸುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧದಲ್ಲಿ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತು. ಫಲಿತಾಂಶ ಬಂದು ಹದಿನೈದು ದಿನಕ್ಕೆ ಡೆನೀಸಳಿಂದ ಒಂದು ಪತ್ರ ಬಂತು. ನಡವಳಿಕೆಯ ನಿಯಮಗಳು ಅಂಗೀಕಾರವಾದ ಮೇಲೆ ಬಂದ ಮೊದಲ ಉಲ್ಲಂಘನೆಯಂತೆ. ಕೂಗಾಟ, ಕುರ್ಚಿ, ಸಿಹಿ, ಅಪ್ಪುಗೆ, ಒಂದೊಂದನ್ನೂ ನಿಯಮದ ಸಂಖ್ಯೆ ಸಮೇತ ನಮೂದಿಸಿದ್ದಳು. ಕೆಳಗೆ ಪೆನ್ನಿನಲ್ಲಿ, ‘ಕ್ಷಮಿಸಿ, ನಿಯಮಗಳು ಬಹಳ ಸ್ಪಷ್ಟವಾಗಿವೆ’ ಎಂದು ಬೇರೆ ಬರೆದಿದ್ದಳು. ಮುರಿದ ಕುರ್ಚಿಗೆ ಬದಲಾಗಿ ಹೊಸದೊಂದು ತಂದಿಡಬೇಕು, ಮೂರು ತಿಂಗಳು ಕ್ಲಬ್‌ಹೌಸಿಗೆ ಕಾಲಿಡಬಾರದು. ಮೊದಲನೆಯ ನಿಯಮದ ಬಗ್ಗೆ ಮಾತ್ರ ಒಂದು ಪ್ರಶ್ನೆ ಇತ್ತು: ಆಗ ನಾನು ಪಕ್ಕದ ಕೋಣೆಯಲ್ಲಿದ್ದೆ, ಸಿಳ್ಳೆ ಯಾರು ಹೊಡೆದರೆಂದು ಕೇಳಿದರೆ ಯಾರೂ ಬಾಯಿ ಬಿಡುತ್ತಿಲ್ಲ, ಅದು ನಿಮ್ಮ ಮನೆಯವರದೇ? ಹೌದು ಅಥವಾ ಅಲ್ಲ ಎಂದು ಗುರುತು ಹಾಕಿ.

ಗೌಡರು ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, “ಅಲ್ಲ ಅಂತ ಆಕು. ಅದು ನಿಜ ತಾನೆ?” ಎಂದರು. ನಿಜವೇನೋ ಹೌದು. ಆದರೆ ಅಲ್ಲ ಎಂದು ಹಾಕಿದರೆ, ಹಾಗಾದರೆ ಯಾರದು ಎಂಬ ಪ್ರಶ್ನೆ ಬರುತ್ತದೆ. ಸೋತವರ ಬಗ್ಗೆ ಯಾವ ದೂರನ್ನೂ ಹೇಳಕೂಡದೆಂಬುದು ಒಂಬತ್ತನೆಯ ನಿಯಮ. ನಾನು ಪಾಲಿಸಲು ಉಳಿದಿದ್ದದ್ದು ಅದೊಂದೇ. ಪೆನ್ನು ತೆಗೆದುಕೊಂಡು ‘ಹೌದು, ನಮ್ಮ ಮನೆಯವರದೇ ಸಿಳ್ಳೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಗೌಡರು ಅದನ್ನು ಎರಡು ಸಲ ಓದಿ, ಲಕೋಟೆಗೆ ಹಾಕಿ, ತಾವೇ ಕೈಯಾರೆ ಕೊಟ್ಟು ಬರುತ್ತೇನೆಂದು ಹೊಸ ಅಂಗಿ ತೊಟ್ಟುಕೊಂಡು ಹೊರಟರು.